ಹದಿನೈದು ವೋಲ್ಟಿನ ಹಳಿ, ಗುಡುಗಿನ ರಾತ್ರಿ

ವೈಟ್‌ಫೀಲ್ಡ್‌ನಲ್ಲಿ ಮೂರು ಬಗೆಯ ರೈಲು ಓಡುತ್ತವೆ. ಜೋಲಾರಪೇಟೆ ಕಡೆಗೆ ಧಡಧಡ ನುಗ್ಗುವ ದೊಡ್ಡ ರೈಲಿನ ನೆತ್ತಿಯ ಮೇಲೆ 25,000 ವೋಲ್ಟ್. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ಕಾಡುಗೋಡಿವರೆಗೆ ಉದ್ಘಾಟನೆಯಾದ ಮೆಟ್ರೋದ ಮೂರನೇ ಹಳಿಯಲ್ಲಿ 750 ವೋಲ್ಟ್. ಮೂರನೆಯದು ಪುಟ್ಟ ಮಾದರಿ ರೈಲು, ಅಪಾರ್ಟ್‌ಮೆಂಟಿನ ಒಂದು ಕೋಣೆಯಲ್ಲಿ, ಎಂಟಡಿಗೆ ನಾಲ್ಕಡಿ ಪ್ಲೈವುಡ್ ಹಲಗೆಯ ಮೇಲೆ. ಅದಕ್ಕೆ ಬರೀ 15 ವೋಲ್ಟ್. ಮೈಬೆವರು ಇಳಿಸುವುದು ಇದೇ!

ಅಳತೆ 1:87. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಗಾಲಿ ಹಳಿಯನ್ನು ಮುಟ್ಟುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ವಿದ್ಯುತ್ತು ಅಲ್ಲಿಂದಲೇ ಹತ್ತಬೇಕು, ಮೋಟಾರು ತಿರುಗಿಸಬೇಕು, ಎದುರು ಗಾಲಿಯಿಂದ ಇಳಿದು ವಾಪಸಾಗಬೇಕು. ಕಿಟಕಿ ಮುಚ್ಚಿದರೂ ರಸ್ತೆ ಅಗೆತದ ಧೂಳು ಒಳಗೆ ನುಗ್ಗುತ್ತದೆ. ಒಂದು ಕಣ ಸಾಕು, ರೈಲು ನಿಲ್ಲುತ್ತದೆ.

ಮೊದಲ ಸಂಕಟ ಸದ್ದಿಲ್ಲದೆ ಬಂತು. ಹಳಿಗೆ ವಿದ್ಯುತ್ತು ಕೊಡುವ ಬೂಸ್ಟರಿನ ಬಳಿ ಎಂಜಿನ್ ಚಂಗನೆ ಹೊರಟಿತು. ಆಚೆಯ ತಿರುವು ಮುಟ್ಟಿದ್ದೇ ತೆವಳಿತು, ನಡುಗಿತು, ನಿಂತಿತು. ಕಾರಿನ 21 ವ್ಯಾಟ್ ಬಲ್ಬಿಗೆ ಎರಡು ತಂತಿ ಕಟ್ಟಿ ಹಳಿಗೆ ಒತ್ತಿದೆವು. ಬೂಸ್ಟರಿನ ಬಳಿ ಕಣ್ಣು ಕೋರೈಸುವ ಬೆಳಕು. ಒಂದೊಂದು ಜೋಡಣೆ ದಾಟಿದ ಹಾಗೆಲ್ಲ ಬೆಳಕು ಕುಗ್ಗಿತು. ತುದಿಯಲ್ಲಿ ಫಿಲಮೆಂಟು ಕೆಂಪಗೆ ಮಿಣುಕಿತು, ಅಷ್ಟೇ. ಹಾದಿಯಲ್ಲೇ ಯಾರೋ ವಿದ್ಯುತ್ತನ್ನು ತಿನ್ನುತ್ತಿದ್ದರು.

ಕಳ್ಳ ಬೇರೆ ಯಾರೂ ಅಲ್ಲ, ಹಳಿಯೇ. ನಿಕಲ್ ಸಿಲ್ವರ್ ಎಂದರೆ ತಾಮ್ರ, ನಿಕಲ್, ಸತು ಬೆರೆತ ಲೋಹ. ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ, ಆದರೆ ತಾಮ್ರಕ್ಕಿಂತ ಹತ್ತು ಪಟ್ಟಿಗೂ ಮೀರಿ ವಿದ್ಯುತ್ತಿಗೆ ಅಡ್ಡ ನಿಲ್ಲುತ್ತದೆ. ಜೋಡಣೆಯ ಫಿಶ್‌ಪ್ಲೇಟು ಸಡಿಲಾಯಿತೋ, ಅಲ್ಲಿ ಇನ್ನಷ್ಟು ನಷ್ಟ. ಎಷ್ಟು ಅಪಾಯ ಅಡಗಿದೆ? ತುದಿ ತಿರುವಿನಲ್ಲಿ ಎರಡೂ ಹಳಿಗೆ ತಾಗುವಂತೆ ಐದು ರೂಪಾಯಿ ನಾಣ್ಯ ಇಟ್ಟೆವು. ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು.

ಆಗಲಿಲ್ಲ.

5 ಆಂಪಿಯರ್ ದಾಟಿದರೆ ಮಾತ್ರ ಅದು ಕೈಬಿಡುತ್ತದೆ. ಸೊರಗಿದ ಹಾದಿಯಲ್ಲಿ ಕರೆಂಟು ಅಷ್ಟಕ್ಕೆ ಏರುವುದೇ ಇಲ್ಲ. 15 ವೋಲ್ಟ್, 5 ಆಂಪಿಯರ್: ಹೆಚ್ಚುಕಡಿಮೆ 75 ವ್ಯಾಟ್. ನಮ್ಮ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಮೂರು ಐರನ್ನಿನ ಕಾವು, ಸಡಿಲ ಜೋಡಣೆಗಳಲ್ಲಿ, ಹಳಿ ತಪ್ಪಿದ ಬೋಗಿಯ ಪ್ಲಾಸ್ಟಿಕ್ ಹೊಟ್ಟೆಯಡಿ! ನಾಣ್ಯ ಬಿಸಿಯೇರತೊಡಗಿತು. ಪ್ಲಗ್ ಕಿತ್ತೆವು.

ಕಾದಾಟ ಹಲಗೆಯ ಕೆಳಗೆ ಇಳಿಯಿತು. ಎಸ್.ಪಿ. ರಸ್ತೆಯಿಂದ ತಂದ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಕೆಂಪು ಒಂದು, ಕಪ್ಪು ಒಂದು, ಹಲಗೆಯ ಉದ್ದಕ್ಕೂ ಹರಿದವು. ಇವೇ ಬಸ್ ವೈರು. ಹಳಿಯ ಪ್ರತಿ ತುಂಡಿನಿಂದಲೂ ತೆಳು ಡ್ರಾಪರ್ ತಂತಿ ಇಳಿದು ಅದನ್ನು ಸೇರಬೇಕು. ಒಂದು ತುಂಡನ್ನೂ ಬಿಡುವಂತಿಲ್ಲ. ಫಿಶ್‌ಪ್ಲೇಟನ್ನು ನಂಬುವಂತಿಲ್ಲ.

ಹಳಿಗೆ ಬೆಸೆಯುವುದು ಕ್ಷಣಗಳ ಲೆಕ್ಕ. 60/40 ಸೋಲ್ಡರ್ 183 ಡಿಗ್ರಿಗೆ ಕರಗಲು ಶುರುವಾಗುತ್ತದೆ. ಬೇಗ ಎತ್ತಿದರೆ ಹಿಡಿಯುವುದಿಲ್ಲ. ತಡ ಮಾಡಿದರೆ ಪ್ಲಾಸ್ಟಿಕ್ ಸ್ಲೀಪರ್ ಕರಗಿ, ಹಳಿ ಸರಿದು, 16.5ರ ಅಳತೆ ಹಿಗ್ಗಿ, ಗಾಲಿ ಒಳಗೆ ಬೀಳುತ್ತದೆ. ಎರಡೂ ಬದಿಗೆ ಒದ್ದೆ ಹತ್ತಿ ಒತ್ತಿ, ಫ್ಲಕ್ಸ್ ಹಚ್ಚಿ, ಐರನ್ ತಾಗಿಸಿ, ಎತ್ತಿ! ಮತ್ತೆ ಹಲಗೆಯಡಿ ಬೆನ್ನ ಮೇಲೆ ಮಲಗಿ, ಹಣೆಗೆ ಟಾರ್ಚ್ ಕಟ್ಟಿ, ಕರಗಿದ ತವರ ಮುಖಕ್ಕೆ ಹನಿಯದಂತೆ ಕತ್ತು ಹೊರಳಿಸಿ ಬಸ್ಸಿಗೆ ಬೆಸೆಯಬೇಕು. ಕನ್ನಡಕ ಇಲ್ಲದೆ ಆ ಕೆಲಸಕ್ಕೆ ಇಳಿಯಬಾರದು.

ಬಲ್ಬು ಈಗ ಸುತ್ತಲೂ ಒಂದೇ ಸಮ ಉರಿಯಿತು. ನಾಣ್ಯ ಇಟ್ಟ ಕ್ಷಣವೇ ಬೂಸ್ಟರ್ ಟಕ್ಕೆಂದು ಕೈಬಿಟ್ಟಿತು. ಗೆದ್ದೆವೆಂದು ನಾಣ್ಯ ಎತ್ತಿದೆವು. ಬೂಸ್ಟರ್ ಮತ್ತೆ ಟಕ್ಕೆಂದಿತು. ಮತ್ತೆ. ಮತ್ತೆ. ಹಳಿಯ ಮೇಲೆ ಏನೂ ಇರಲಿಲ್ಲ!

ಜೊತೆಗಿದ್ದವರು ಪಕ್ಕದ ಮನೆಯ ಹಿರಿಯರು, ಪೀಣ್ಯದ ಕಾರ್ಖಾನೆಗಳಲ್ಲಿ ಪ್ಯಾನೆಲ್ ವೈರಿಂಗ್ ಮಾಡಿ ನಿವೃತ್ತರಾದವರು. ಹಲಗೆಯ ಕಾಲಿಗೆ ಚೌಕದ ಪೈಪನ್ನು ಅಲ್ಲಿಯ ವರ್ಕ್‌ಶಾಪಿನಲ್ಲೇ ಕತ್ತರಿಸಿ ತಂದವರೂ ಅವರೇ.

“ಎಲ್ಲಿ ಅಂತ ಹುಡುಕೋದು ಸಾರ್, ಇಷ್ಟೊಂದು ಡ್ರಾಪರ್ ಇವೆ.”

“ಹುಡುಕಬೇಡಪ್ಪ. ಅರ್ಧ ಕಳಚು. ಶಾರ್ಟ್ ಯಾವ ಅರ್ಧದಲ್ಲಿ ಉಳೀತದೋ ಅದನ್ನ ಮತ್ತೆ ಅರ್ಧ ಮಾಡು.”

ಬಸ್ಸನ್ನು ನಡುವೆ ಕತ್ತರಿಸಿ, ಅಲ್ಲಿಯ ಹಳಿ ಜೋಡಣೆಗಳನ್ನೂ ಕಳಚಿದೆವು. ಬಲಭಾಗದಲ್ಲಿ ಮಲ್ಟಿಮೀಟರ್ ಬೀಪ್ ಎಂದಿತು. ಎಡಭಾಗ ಬಿಟ್ಟೆವು. ಬಲಭಾಗವನ್ನು ಕತ್ತರಿಸಿದೆವು. ಬೀಪ್. ಮತ್ತೆ ಅರ್ಧ. ಕೊನೆಗೆ ಉಳಿದದ್ದು ಒಂದೇ ಪಾಯಿಂಟು, ಹಳಿ ಕವಲೊಡೆಯುವ ಜಾಗ. ಅದರ ಸಂದಿಯಲ್ಲಿ ತಂತಿಯ ಒಂದೇ ಒಂದು ಎಳೆ, ಕೂದಲಿನಷ್ಟು ಸಣ್ಣದು, ಎರಡು ಹಳಿಯನ್ನೂ ಅಪ್ಪಿಕೊಂಡು ಮಲಗಿತ್ತು. ಚಿಮಟದಿಂದ ಎತ್ತಿದೆವು. ಬೀಪ್ ನಿಂತಿತು.

ಈ ಹಲಗೆಯಡಿಯ ಕತ್ತಲೆಗೆ ದೊಡ್ಡ ಚರಿತ್ರೆಯಿದೆ. 1946ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನಲ್ಲಿ ಸಿಗ್ನಲ್ ಮತ್ತು ಪವರ್ ನೋಡಿಕೊಳ್ಳಲೆಂದೇ ಒಂದು ತಂಡವಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನು ಪುಟ್ಟ ರೈಲಿಗೆ ಪಳಗಿಸಿದ ಆ ಹುಡುಗರೇ ಮುಂದೆ ಪಿಡಿಪಿ-1 ಕಂಪ್ಯೂಟರಿಗೆ ಕೈಹಚ್ಚಿದರು. 1962ರ ಸ್ಪೇಸ್‌ವಾರ್ ಆಟ ಬಂದದ್ದು ಆ ಬಳಗದಿಂದ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಮಂದಿ ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಪೂರ್ವಿಕರು ಇವರು.

ನಮ್ಮ ಹಲಗೆಯಲ್ಲಿರುವ ಇಂದಿನ ಡಿಸಿಸಿ ಪದ್ಧತಿಯಲ್ಲಿ ವಿದ್ಯುತ್ತೂ ಆಜ್ಞೆಯೂ ಒಂದೇ ಹಳಿಯಲ್ಲಿ ಹರಿಯುತ್ತವೆ. ಹಳಿಯ ಧ್ರುವ ಪಟಪಟ ಅದಲುಬದಲಾಗುತ್ತದೆ. 58 ಮೈಕ್ರೋಸೆಕೆಂಡಿನ ಮಿಡಿತಗಳು ಒಂದು, 100 ಮೈಕ್ರೋಸೆಕೆಂಡಿನವು ಸೊನ್ನೆ. ಎಂಜಿನ್ನಿನೊಳಗಿನ ಡಿಕೋಡರ್ ಆ ಮಿಡಿತ ಓದುತ್ತದೆ, ತನ್ನ ವಿಳಾಸ ಬಂದರೆ ಮಾತ್ರ ಹೊರಡುತ್ತದೆ. ಎರಡು ರೈಲು, ಒಂದೇ ಹಳಿ, ಬೇರೆ ಬೇರೆ ವೇಗ. ರೋಮಾಂಚನ ಹುಟ್ಟುವುದು ಇಲ್ಲೇ. ಆದರೆ ಹಲಗೆಯ ತುದಿಯಲ್ಲಿ ರಿವರ್ಸ್ ಲೂಪ್ ಕಾದಿತ್ತು.

ಲೂಪ್ ಹೊಕ್ಕ ರೈಲು ಸುತ್ತು ತಿರುಗಿ, ಬಂದ ಹಾದಿಗೇ ಎದುರುಮುಖವಾಗಿ ಮರಳುತ್ತದೆ. ಹೊರಟಾಗ ಎಡವಾಗಿದ್ದ ಹಳಿ ಮರಳುವಾಗ ಬಲದ ಹಳಿಗೆ ಹೋಗಿ ಕೂಡುತ್ತದೆ. ಅಂದರೆ ನೇರ ಶಾರ್ಟ್. ಬಿಡಿಸಲು ನಾವು ಹಿಡಿದ ದಾರಿ: ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿ ಕಡಿದು, ಪ್ಲಾಸ್ಟಿಕ್ ಜೋಡಣೆ ಹಾಕಿ, ನಡುವಿನ ತುಂಡಿಗೆ ಆಟೋ ರಿವರ್ಸರ್ ಮೂಲಕ ವಿದ್ಯುತ್ತು ಕೊಡುವುದು. ಗಾಲಿ ಗಡಿ ದಾಟಿ ಶಾರ್ಟ್ ಆದ ಕೂಡಲೇ ಅದು ಬೂಸ್ಟರಿಗಿಂತ ಮೊದಲು ಎಚ್ಚೆತ್ತು ಧ್ರುವ ತಿರುಗಿಸಬೇಕು. ಕಣ್ಣು ಮಿಟುಕಿಸುವಷ್ಟೂ ಸಮಯವಿಲ್ಲ. ಆ ತುಂಡು ರೈಲಿಗಿಂತ ಉದ್ದವಿರಬೇಕು, ಇಲ್ಲದಿದ್ದರೆ ಎರಡು ಗಡಿಯಲ್ಲೂ ಒಟ್ಟಿಗೆ ಶಾರ್ಟ್ ಆಗುತ್ತದೆ. ಎಂಜಿನ್ ಹೊರಟಿತು. ಮುಂಗಾಲಿ ಗಡಿ ಮುಟ್ಟಿತು.

ಮಿಂಚು ಹೊಡೆಯಿತು. ಕರೆಂಟು ಹೋಯಿತು.

ಏಪ್ರಿಲ್ ತಿಂಗಳ ಗಾಳಿಮಳೆ ಕಿಟಕಿ ಬಡಿಯುತ್ತಿತ್ತು. ಮೊದಲು ಗೋಡೆಯ ಪ್ಲಗ್ ಕಿತ್ತೆವು. ಸಿಡಿಲಿನ ಹೊತ್ತಿನಲ್ಲಿ ಡಿಕೋಡರ್ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಹಿರಿಯರು ಟಾರ್ಚ್ ಹಿಡಿದು ಕಂಪ್ಯೂಟರ್ ಯುಪಿಎಸ್ಸಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಹೊತ್ತು ತಂದರು. ನಮ್ಮ ಬೂಸ್ಟರ್ ನೇರ ಡಿ.ಸಿ. ಸ್ವೀಕರಿಸುತ್ತದೆ. ಡಿಕೋಡರಿಗೂ 12 ವೋಲ್ಟ್ ಸಾಕು. ತಂತಿ ಸುಲಿದೆ, ಟರ್ಮಿನಲ್ ಹತ್ತಿರ ಒಯ್ದೆ.

“ತಡೀಯಪ್ಪ! ಫ್ಯೂಸ್ ಎಲ್ಲಿ?”

ಅಷ್ಟು ಚಿಕ್ಕ ಬ್ಯಾಟರಿ ಶಾರ್ಟ್ ಆದರೆ ನೂರಕ್ಕೂ ಹೆಚ್ಚು ಆಂಪಿಯರ್ ಉಗುಳಬಲ್ಲದು. ತಂತಿ ಹೊತ್ತಿಕೊಳ್ಳುತ್ತದೆ. ಕಾರಿನ 5 ಆಂಪಿಯರ್ ಬ್ಲೇಡ್ ಫ್ಯೂಸನ್ನು ಪ್ಲಸ್ ತಂತಿಯ ನಡುವೆ ಸೇರಿಸಿದೆವು. ಬಿಗಿದೆವು. ಕೊಟ್ಟೆವು.

ಹೆಡ್‌ಲೈಟ್ ಬೆಳಗಿತು. ಎಂಜಿನ್ ಗಡಿಯ ಮೇಲೆ ನಿಂತಿತ್ತು, ಮುಂಗಾಲಿ ಆಚೆ, ಹಿಂಗಾಲಿ ಈಚೆ, ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿ. ರಿವರ್ಸರ್ ಕ್ಲಿಕ್ಕೆಂದಿತು. ಫ್ಯೂಸ್ ತಡೆಯಿತು. ಎಂಜಿನ್ ಜಗ್ಗಿತು, ಗಡಿ ದಾಟಿತು, ಲೂಪ್ ಸುತ್ತಿತು, ಎರಡನೇ ಗಡಿಯನ್ನೂ ದಾಟಿ ಮುಖ್ಯ ಹಳಿಗೆ ನುಗ್ಗಿತು! ಐದು ಮೀಟರ್ ಚಿಲ್ಲರೆ ಸುತ್ತಳತೆ, ಸೆಕೆಂಡಿಗೆ 19 ಸೆಂಟಿಮೀಟರ್. ದೊಡ್ಡ ಹಳಿಯ ಲೆಕ್ಕದಲ್ಲಿ ಗಂಟೆಗೆ 60 ಕಿಲೋಮೀಟರ್. ತುದಿ ತಿರುವಿನಲ್ಲಿ ದೀಪ ಕುಗ್ಗಲಿಲ್ಲ, ಪಾಯಿಂಟಿನ ಮೇಲೆ ಎಂಜಿನ್ ಕೆಮ್ಮಲಿಲ್ಲ. ಮಳೆ ನಿಂತು ಕರೆಂಟು ಮರಳಿದಾಗಲೂ ಅದು ಓಡುತ್ತಲೇ ಇತ್ತು.

ನೀವೂ ಹಲಗೆ ಹಾಸಲು ಹೊರಟಿದ್ದರೆ, ಎಂಜಿನ್ನಿಗೆ ದುಡ್ಡು ಸುರಿಯುವ ಮೊದಲು ಎರಡು ಬಣ್ಣದ 1.5 ತಂತಿ ಕೊಳ್ಳಿ, ಒಂದು ಮಲ್ಟಿಮೀಟರ್ ಕೊಳ್ಳಿ, ಹಿಡಿ ಫ್ಯೂಸ್ ಕೊಳ್ಳಿ. ಹಳಿಯ ಪ್ರತಿ ತುಂಡಿನ ಮೇಲೂ ನಾಣ್ಯ ಇಟ್ಟು ನೋಡಿ. ಎಲ್ಲಾ ಕಡೆ ಬೂಸ್ಟರ್ ಟಕ್ಕೆಂದ ಮೇಲೆಯೇ ಮೊದಲ ರೈಲು ಬಿಡಿ.