ಇಳಕಲ್ಲ ಸೀರೆ: ರೈತಾಪಿ ತಾಯಂದಿರ ನಿತ್ಯದ ಉಡುಗೆ

ಬಾಗಲಕೋಟೆ ಜಿಲ್ಲೆಯ ಇಳಕಲ್ಲ ನಗರವು ಶ್ರೀ ವಿಜಯ ಮಹಾಂತೇಶ ಮಠದಿಂದಲೂ ಕೆಂಪು ಕಲ್ಲಿನಿಂದಲೂ ಸೀರೆಯಿಂದಲೂ ನಾಡಿಗೆ ಪರಿಚಿತವಾದ ಊರು. ಮಠದ ದರ್ಶನಕ್ಕೆ ಬರುವ ಭಕ್ತರು ಮನೆಯ ಹೆಣ್ಣುಮಕ್ಕಳಿಗಾಗಿ ಒಂದು ಸೀರೆಯನ್ನು ಕೊಂಡೊಯ್ಯುವುದು ಸಹಜ. ಅಂಗಡಿಯ ಮೆಟ್ಟಿಲೇರುವ ಮೊದಲು ನೇಕಾರರ ಓಣಿಯಲ್ಲಿ ಒಂದು ಗಳಿಗೆ ನಿಂತು ಮಗ್ಗವನ್ನು ನೋಡುವುದು ಲೇಸು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ರೈತಾಪಿ ಮನೆತನಗಳ ತಾಯಂದಿರು ಏನನ್ನು ಉಟ್ಟು ಹೊಲಕ್ಕೆ ಹೋಗುತ್ತಿದ್ದರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯುತ್ತದೆ.

ಈ ಪ್ರಶ್ನೆಗೆ ಉತ್ತರವನ್ನು ಮಗ್ಗದ ಬಳಿಯೇ ಏಕೆ ಹುಡುಕಬೇಕು? ಅರಸರ ಪೀತಾಂಬರಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಒಕ್ಕಲುತನದ ಹೆಣ್ಣುಮಗಳ ಸೀರೆ ಹಾಗೆ ಉಳಿಯುವ ವಸ್ತುವಲ್ಲ. ಅದು ಮೊದಲು ಮೈಮೇಲೆ ಸವೆಯಿತು. ಅನಂತರ ಕೂಸಿನ ಜೋಲಿಯಾಯಿತು, ಕೌದಿಯ ಪದರಾಯಿತು, ಕಡೆಗೆ ದೀಪದ ಬತ್ತಿಯಾಯಿತು. ಬಟ್ಟೆ ಹೋಯಿತು, ಅದನ್ನು ನೇಯುವ ಕೈಯ ವಿದ್ಯೆ ಮಾತ್ರ ವಂಶಪಾರಂಪರ್ಯವಾಗಿ ಉಳಿದುಬಂದಿತು.

ಆ ವಿದ್ಯೆಯ ವೈಶಿಷ್ಟ್ಯವನ್ನು ತಿಳಿಯೋಣ. ನೇಕಾರನು ಕುಣಿಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುತ್ತಾನೆ. ಇಳಕಲ್ಲ ಸೀರೆಯ ಮೈಯ ಹಾಸು ಹತ್ತಿಯ ನೂಲಿನದು. ಸೆರಗಿನ ಹಾಸು ಕೆಂಪು ರೇಷ್ಮೆಯದು. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವರು. ಆದ್ದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿಯೇ ಸಿದ್ಧಗೊಳಿಸಬೇಕು. ನೂಲು ಸುತ್ತುವ, ಹಾಸು ಹೂಡುವ ಕಾರ್ಯಗಳಲ್ಲಿ ಮನೆಯ ಹೆಣ್ಣುಮಕ್ಕಳ ಪಾಲು ಹಿರಿದು. ಸೆರಗಿನ ಕೆಂಪಿನ ಮೇಲೆ ಬಿಳಿಯ ವಿನ್ಯಾಸಗಳು ಮೂಡುತ್ತವೆ. ಅವುಗಳ ಹೆಸರುಗಳನ್ನು ಗಮನಿಸಬೇಕು: ಜೋಳದ ತೆನೆಯನ್ನು ನೆನಪಿಸುವ ತೋಪುತೆನಿ, ಬಾಚಣಿಗೆಯಂಥ ಹಣಿಗೆ, ಕೋಟೆಯ ತೆನೆಗಳಂಥ ಕೋಟಿಕಮ್ಮಲಿ. ಹೊಲದಲ್ಲಿ ಕಂಡದ್ದು, ಮನೆಯಲ್ಲಿ ಬಳಸಿದ್ದು, ಊರಿನ ಸುತ್ತ ಇದ್ದದ್ದು ಎಲ್ಲವೂ ಸೆರಗಿಗೆ ಬಂದಿವೆ.

ಈ ಉಡುಗೆಯ ಒಂದೊಂದು ಅಂಗಕ್ಕೂ ದುಡಿಮೆಯ ಕಾರಣವಿದೆ. ದಿನನಿತ್ಯದ ಸವೆತವನ್ನು ತಾಳಬೇಕಾದ ಮೈಗೆ ಹತ್ತಿ. ಬಿಸಿಲಿನಲ್ಲಿ ಅದು ಬೆವರನ್ನು ಹೀರುತ್ತದೆ. ಬೆಲೆಯುಳ್ಳ ರೇಷ್ಮೆ ಸೆರಗಿಗೂ ಅಂಚಿಗೂ ಮಾತ್ರ. ಸೀರೆಯ ಉದ್ದ 16 ಅಥವಾ 18 ಮೊಳ. ಕೆಲವು ಸಮುದಾಯಗಳ ಸ್ತ್ರೀಯರು ಕಚ್ಚೆ ಹಾಕಿ ಉಡುತ್ತಿದ್ದರು. ಲಿಂಗಾಯತ ಮನೆತನಗಳಲ್ಲಿ ಸಾಮಾನ್ಯವಾಗಿ ಕಚ್ಚೆಯಿಲ್ಲದೆ ನಿರಿಗೆ ಹಿಡಿದು ಉಟ್ಟು, ಕೆಲಸದ ವೇಳೆಗೆ ಮೇಲೆತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ತಲೆಯ ಮೇಲಿನ ಸೆರಗು ಮರ್ಯಾದೆಯೂ ಹೌದು, ಬಿಸಿಲಿಗೆ ನೆರಳೂ ಹೌದು. ಹತ್ತಿ ಬಿಡಿಸುವಾಗ ಸೀರೆಯ ಉಡಿಯೇ ಬುಟ್ಟಿ. ಕಡುನೀಲಿ, ಕಡುಕೆಂಪು ಬಣ್ಣಗಳ ಮೇಲೆ ಎರೆಮಣ್ಣಿನ ಕಲೆ ಬೇಗ ಎದ್ದು ಕಾಣದು.

ಸೀರೆಗೆ ಇಳಕಲ್ಲ ಹೇಗೋ ಕುಪ್ಪಸಕ್ಕೆ ಅದೇ ಜಿಲ್ಲೆಯ ಗುಳೇದಗುಡ್ಡ ಹಾಗೆ. ಅಲ್ಲಿ ನೇಯುವ ಖಣವೊಂದು ಒಂದು ಕುಪ್ಪಸಕ್ಕೆ ಸರಿಯಾಗುವಷ್ಟು ಅಳತೆಯದು. ಅದರ ಅಂಚು ತೋಳಿನ ತುದಿಗೆ ಬರುವಂತೆ ಹೊಲಿಯುವರು. ಬೆನ್ನು ತುಂಬುವ, ಗಿಡ್ಡ ತೋಳಿನ ಈ ಕುಪ್ಪಸದ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿಕೊಳ್ಳುವ ಪದ್ಧತಿಯಿತ್ತು. ಗುಂಡಿ ಬೇಕಿಲ್ಲ, ಮೈ ತುಂಬಿದರೂ ಬಡವಾದರೂ ಗಂಟು ಹೊಂದಿಕೊಳ್ಳುತ್ತದೆ. ಕೂಸಿಗೆ ಹಾಲೂಡುವ ತಾಯಿಗೂ ಇದು ಅನುಕೂಲ. ಗರ್ಭಿಣಿಯ ಶುಭಕಾರ್ಯಕ್ಕೆ ನಮ್ಮ ಉತ್ತರ ಕರ್ನಾಟಕದಲ್ಲಿ ಇಂದಿಗೂ ಕುಬಸವೆಂದೇ ಹೆಸರಿರುವುದು ಈ ಉಡುಗೆಗೆ ಸಂದ ಗೌರವವಲ್ಲವೇ?

ಆ ಶತಮಾನದ ಬಾಳು ಸುಖಮಯವಾಗಿಯೇ ಇತ್ತೆಂದು ಭಾವಿಸಬಾರದು. 1876-78ರ ಭೀಕರ ಬರಗಾಲವು ಈ ಸೀಮೆಯನ್ನು, ಅಂದರೆ ಆಗಿನ ಕಲಾದಗಿ ಜಿಲ್ಲೆಯನ್ನು, ತತ್ತರಗೊಳಿಸಿತು. ಅನ್ನಕ್ಕೆ ಕೊರತೆಯಾದಾಗ ರೈತನು ಮೊದಲು ಕೈಬಿಡುವುದು ಹೊಸ ಬಟ್ಟೆಯನ್ನು. ಹೊಲದ ಬರ ಮಗ್ಗದ ಬರವೂ ಆಗುತ್ತದೆ. ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂದಿತು. ಮನೆಯ ರಾಟಿಯ ನೂಲಿನ ಸ್ಥಾನವನ್ನು ಗಿರಣಿಯ ನೂಲು ಆಕ್ರಮಿಸಿತು. 1887ರಲ್ಲಿ ಗೋಕಾಕ ಜಲಪಾತದ ಬಳಿಯಲ್ಲಿಯೇ ನೂಲಿನ ಗಿರಣಿ ಕೆಲಸ ಆರಂಭಿಸಿತು. 1869ರಲ್ಲಿ ಯುರೋಪಿನಲ್ಲಿ ಬೇರುಗಳ ಕೆಂಪಿಗೆ ಬದಲಾಗಿ ರಾಸಾಯನಿಕ ಕೆಂಪು ಸಿದ್ಧವಾಯಿತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ನೂಲುವ ಅಜ್ಜಿಯ ಕೈಗೂ ಬಣ್ಣ ಕಟ್ಟುವವರ ಮನೆಗೂ ಕೆಲಸ ಕುಗ್ಗಿತು. ಆದರೂ ಕೊಂಡಿ ಹಾಕುವ ಕೈ ನಿಲ್ಲಲಿಲ್ಲ.

ಇಂದು ಆ ಕೈಗೂ ಪರೀಕ್ಷೆಯ ಕಾಲ. ರೇಷ್ಮೆಯ ಜಾಗಕ್ಕೆ ಕೃತಕ ರೇಷ್ಮೆ ಬಂದಿದೆ. ಯಂತ್ರಮಗ್ಗದ ಅಗ್ಗದ ನಕಲುಗಳು ಅಂಗಡಿಗಳನ್ನು ತುಂಬಿವೆ. ಹೊಲಕ್ಕೆ ಉಡುತ್ತಿದ್ದ ಸೀರೆ ಈಗ ಬಹುಮಟ್ಟಿಗೆ ಮದುವೆ ಜಾತ್ರೆಗಳಿಗೆ ಸೀಮಿತವಾಗಿದೆ. ಕಾಲ ಬದಲಾದಂತೆ ಉಡುಗೆ ಬದಲಾಗುವುದು ತಪ್ಪಲ್ಲ. ಇಂದಿನ ಸೊಸೆಗೆ 18 ಮೊಳ ಉಡಬೇಕೆಂದು ಯಾರೂ ಹೇಳಬಾರದು. ಆದರೆ ಕೊಳ್ಳುವಾಗ ಸೆರಗು ಮೈಯನ್ನು ಕೂಡುವ ಜಾಗವನ್ನು ಬಿಡಿಸಿ ನೋಡಿರಿ. ಅಲ್ಲಿ ಸಾಲಾಗಿ ಪುಟ್ಟ ಕೊಂಡಿಗಳು ಕಂಡರೆ ಒಂದು ನೇಕಾರ ಕುಟುಂಬದ ಕಾಯಕ ಅದರಲ್ಲಿದೆಯೆಂದು ತಿಳಿಯಿರಿ. ಆ ಕಾಯಕಕ್ಕೆ ತಕ್ಕ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿರಿ.

ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಹಳೆಯ ಸೀರೆಯಿದ್ದರೆ ಪಾತ್ರೆಯವರಿಗೆ ಹಾಕಬೇಡಿರಿ. ಕೌದಿಯಲ್ಲಿ ಅದರ ತುಂಡಿದ್ದರೆ, ಅದು ಯಾರದು, ಯಾವಾಗ ಉಟ್ಟದ್ದು ಎಂದು ಹಿರಿಯರನ್ನು ಕೇಳಿ ಮಕ್ಕಳಿಗೆ ಹೇಳಿರಿ. ತಮ್ಮ ಬಾಳನ್ನು ಅಕ್ಷರದಲ್ಲಿ ಬರೆದಿಡಲಾಗದ ಆ ತಾಯಂದಿರಿಗೆ ಬಟ್ಟೆಯೇ ಚರಿತ್ರೆಯಾಗಿತ್ತು.