ಏಳನೇ ಮನೆಯ ಕುಜ

ನಮ್ಮ ಮನೆಯಲ್ಲಿ ಗ್ರಹಗಳು ಎರಡು ಕಡೆ ವಾಸವಾಗಿದ್ದವು. ಒಂದು, ಅಪ್ಪನ ಟ್ರಂಕಿನಲ್ಲಿದ್ದ ಅರಿಸಿನ ಹಚ್ಚಿದ ಜಾತಕಗಳಲ್ಲಿ. ಇನ್ನೊಂದು, ಅಣ್ಣನಿಗೆ ಶಾಲೆಯಲ್ಲಿ ಬಹುಮಾನವಾಗಿ ಬಂದ ಸೌರವ್ಯೂಹದ ಪುಸ್ತಕದಲ್ಲಿ. ಬಹುಮಾನ ಗೆದ್ದವರು ಪುಸ್ತಕವನ್ನು ಓದಲೇಬೇಕೆಂಬ ನಿಯಮವೇನೂ ಇಲ್ಲವಲ್ಲ! ಓದಿದವರು ನಾನು ಮತ್ತು ನನ್ನ ತಂಗಿ. ತೆಳ್ಳನೆಯ ಪುಸ್ತಕ, ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ಒಂದು ಗ್ರಹ ಮುಗಿಯುತ್ತಿತ್ತು.

ಆಗ ಎರಡು ಕಡೆಯೂ ಗ್ರಹಗಳ ಲೆಕ್ಕ ಒಂಬತ್ತೇ. ಆದರೆ ಆ ಒಂಬತ್ತು ಬೇರೆ, ಈ ಒಂಬತ್ತು ಬೇರೆ. ಜಾತಕದಲ್ಲಿ ಸೂರ್ಯ ಚಂದ್ರರೂ ಗ್ರಹಗಳು, ರಾಹು ಕೇತುಗಳೂ ಗ್ರಹಗಳು. ಪುಸ್ತಕದಲ್ಲಿ ಸೂರ್ಯ ಒಂದು ನಕ್ಷತ್ರ, ಚಂದ್ರ ಉಪಗ್ರಹ. ರಾಹು ಕೇತುಗಳೆಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ಹಾಯುವ ಎರಡು ಬಿಂದುಗಳು. ಹುಣ್ಣಿಮೆ ಅಮಾವಾಸ್ಯೆಗಳು ಆ ಬಿಂದುವಿನ ಹತ್ತಿರ ಬಿದ್ದರೆ ಗ್ರಹಣ. ಕಣ್ಣಿಗೆ ಕಾಣದ ಬಿಂದುವನ್ನು ಲೆಕ್ಕದಲ್ಲಿ ಹಿಡಿದ ಹಿರಿಯರ ಬಗ್ಗೆ ನನಗಂತೂ ಗೌರವವೇ ಹೆಚ್ಚಾಯಿತು. ತಂಗಿ ಮಾತ್ರ ಇನ್ನೊಂದು ಕಂಡುಹಿಡಿದಳು. “ಅಕ್ಕಾ, ಜಾತಕದಲ್ಲಿ ಭೂಮಿನೇ ಇಲ್ಲ ನೋಡು. ನಾವು ನಿಂತಿರೋದೇ ಲೆಕ್ಕಕ್ಕಿಲ್ಲ!”

ನನಗೆ ಇಷ್ಟವಾದದ್ದು ಶನಿಯ ಪುಟ. ಹಾಲು ಉಕ್ಕಿದರೂ, ಪಾತ್ರೆ ಸೀದರೂ ಅಮ್ಮ ಸಾಡೇಸಾತಿಯ ಖಾತೆಗೆ ಬರೆಯುತ್ತಿದ್ದಳು. ಶನಿ ಸೂರ್ಯನನ್ನು ಒಮ್ಮೆ ಸುತ್ತಲು ಇಪ್ಪತ್ತೊಂಬತ್ತೂವರೆ ವರ್ಷ ಬೇಕು ಎಂದಿತ್ತು ಪುಸ್ತಕ. ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ಎರಡೂವರೆ ವರ್ಷ. ಮೂರು ರಾಶಿ ದಾಟಲು ಏಳೂವರೆ. ಅಯ್ಯೋ, ಇಷ್ಟೇನಾ! ಶನಿಗೆ ನಮ್ಮ ಮೇಲೆ ಸಿಟ್ಟಿಲ್ಲ, ಅವನ ದಾರಿ ದೂರ, ನಡಿಗೆ ನಿಧಾನ. ಇಷ್ಟಾಗಿ ಅವನು ನೀರಿಗಿಂತ ಹಗುರವಂತೆ; ಅಷ್ಟು ದೊಡ್ಡ ಹಂಡೆ ಸಿಕ್ಕರೆ ತೇಲುತ್ತಾನೆ. ಇದನ್ನು ಹೇಳಿದಾಗ ಅಮ್ಮ, “ತೇಲಲಿ, ನಮ್ಮ ಮನೆ ಹಂಡೆಯಲ್ಲಿ ಬೇಡ” ಎಂದಳು.

ಕುಜನ ವಿಷಯದಲ್ಲಿ ಹೀಗೆ ನಗಲು ಆಗಲಿಲ್ಲ. ತಂಗಿಯ ಜಾತಕದಲ್ಲಿ ಅವನು ಏಳನೇ ಮನೆಯಲ್ಲಿ ಕೂತಿದ್ದ. ಮೂರು ಸಂಬಂಧಗಳು ಹಾಗೇ ತಪ್ಪಿದವು. ಒಂದು ಕಡೆಯವರಂತೂ ಉಪ್ಪಿಟ್ಟು ಕೇಸರಿಬಾತು ತಿಂದು, ಹಾಡು ಹೇಳಿಸಿ, ಹುಡುಗಿ ಲಕ್ಷಣವಾಗಿದ್ದಾಳೆ ಎಂದು ಹೋದವರು ವಾರದ ಮೇಲೆ ಜಾತಕ ವಾಪಸು ಕಳಿಸಿದರು. ಕಾರಣ ನಿಮಗೆ ಗೊತ್ತೇ ಇದೆ: ಗಂಡನಿಗೆ ಆಗಿಬರುವುದಿಲ್ಲ. ಜಿರಲೆ ಹೊಡೆಯಲೂ ನನ್ನನ್ನು ಕೂಗುವ ಹುಡುಗಿ, ಇನ್ನೂ ಮುಖ ನೋಡದ ಒಬ್ಬ ಗಂಡಸಿನ ಆಯುಸ್ಸಿಗೆ ಹೊಣೆಯಾಗಿದ್ದಳು. ಅಪ್ಪ ಕುಜಶಾಂತಿ ಮಾಡಿಸಿದರು, ತೊಗರಿಬೇಳೆ ದಾನ ಕೊಟ್ಟರು. ಮೊದಲು ಬಾಳೆಗಿಡದ ಜೊತೆ ಮದುವೆ ಮಾಡಿ ಎಂದು ಯಾರೋ ಹೇಳಿದ ದಿನ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು.

ಅದು 2003ರ ಆಗಸ್ಟ್. ಆ ತಿಂಗಳ 27ರಂದು ಮಂಗಳ ಭೂಮಿಗೆ ಸುಮಾರು ಐದೂವರೆ ಕೋಟಿ ಕಿಲೋಮೀಟರಿನಷ್ಟು ಹತ್ತಿರ ಬಂದಿತ್ತು. ಹಿಂದಿನ ಅರವತ್ತು ಸಾವಿರ ವರ್ಷಗಳಲ್ಲಿ ಅಷ್ಟು ಸಮೀಪ ಬಂದಿರಲಿಲ್ಲವಂತೆ. ರಾತ್ರಿ ಊಟವಾದ ಮೇಲೆ ಇಬ್ಬರೂ ತಾರಸಿ ಹತ್ತಿದೆವು. ನಮ್ಮ ದಾವಣಗೆರೆಯಲ್ಲಿ ಕರೆಂಟು ಹೋಗುವುದರಿಂದ ಉಪಕಾರವಾದದ್ದು ಅದೊಂದೇ ಸಲ! ಮೋಡದ ಸಂದಿಯಲ್ಲಿ, ಆಗ್ನೇಯಕ್ಕೆ, ಮಿನುಗದೆ ಉರಿಯುವ ಕೆಂಪು ಚುಕ್ಕೆ. ಅವಳು ಟಾರ್ಚ್ ಹಿಡಿದು ಪುಸ್ತಕ ಓದಿದಳು. ಅಡ್ಡಳತೆ ಭೂಮಿಯ ಅರ್ಧದಷ್ಟು, ಸುಮಾರು 6,800 ಕಿಲೋಮೀಟರ್. ಕೆಂಪಾಗಿರುವುದು ಸಿಟ್ಟಿನಿಂದಲ್ಲ, ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನಿಂದ. ಸಂಡೂರಿಗೆ ಹೋಗಿಬಂದರೆ ಸೀರೆಯ ನೆರಿಗೆಗೆ ಮೆತ್ತುತ್ತದಲ್ಲ, ಆ ಕಬ್ಬಿಣದ ಕೆಂಪು. ಅದಕ್ಕೆ ನಾವು ಸೋಪು ಹಾಕಿ ಒಗೆಯುತ್ತೇವೆ, ಶಾಂತಿ ಮಾಡಿಸುವುದಿಲ್ಲ.

ಆಮೇಲೆ ಅವಳು ಲೆಕ್ಕ ಹಾಕಿದಳು. ಭೂಮಿ ಇಪ್ಪತ್ತನಾಲ್ಕು ಗಂಟೆಗೆ ಒಂದು ಸುತ್ತು ತಿರುಗುವುದರಿಂದ ಹನ್ನೆರಡು ರಾಶಿಗಳೂ ದಿನಕ್ಕೊಮ್ಮೆ ಹುಟ್ಟಿ ಮುಳುಗುತ್ತವೆ. ಅಂದರೆ ಕುಜ ಪ್ರತಿದಿನವೂ ಹನ್ನೆರಡು ಮನೆಗಳಲ್ಲಿ ಒಂದೊಂದರಲ್ಲಿ ಸುಮಾರು ಎರಡೆರಡು ಗಂಟೆ ಕೂತೇ ಕೂರುತ್ತಾನೆ. ಅಮ್ಮ ಇನ್ನೆರಡು ಗಂಟೆ ನೋವು ತಿಂದಿದ್ದರೆ ಅವನು ಆರನೇ ಮನೆಗೆ ಸರಿದಿರುತ್ತಿದ್ದ, ಆ ಮನೆಗೆ ದೋಷವಿಲ್ಲ. ಎರಡು, ನಾಲ್ಕು, ಏಳು, ಎಂಟು, ಹನ್ನೆರಡು ದೋಷದ ಮನೆಗಳು. ಕೆಲವರು ಒಂದನ್ನೂ ಸೇರಿಸುತ್ತಾರೆ. ಹನ್ನೆರಡರಲ್ಲಿ ಆರು ಎಂದರೆ ಊರಿನ ಅರ್ಧದಷ್ಟು ಹೆಣ್ಣುಮಕ್ಕಳು. ಅರ್ಧದಷ್ಟು ಗಂಡುಮಕ್ಕಳೂ ಹೌದು, ಆದರೆ ಅವರನ್ನು ಬಾಳೆಗಿಡದ ಹತ್ತಿರ ಕರೆದೊಯ್ದದ್ದನ್ನು ನಾನು ಕಂಡಿಲ್ಲ. “ನನ್ನ ಏಳನೇ ಮನೆಗೆ ಕುಜ ತಾನಾಗಿ ಬಂದಿಲ್ಲ ಅಕ್ಕಾ. ತಿರುಗಿದ್ದು ಭೂಮಿ” ಎಂದಳು. ಪಟ್ಟಿಯಲ್ಲೇ ಇಲ್ಲದ ಭೂಮಿ!

ಮಾರನೆಯ ದಿನ ಅಪ್ಪನಿಗೂ ಹೇಳಿದಳು. ಅವರು ಪೂರ್ತಿ ಕೇಳಿದರು. “ನಿನ್ನ ಲೆಕ್ಕ ಸರಿಯಮ್ಮಾ. ಕೇಳೋರು ಬೇಕಲ್ಲ” ಎಂದು ಜಾತಕವನ್ನು ಟ್ರಂಕಿಗೆ ಹಾಕಿದರು. ಮತ್ತೆ ಹೊರಗೆ ತೆಗೆಯಲಿಲ್ಲ.

ಅವಳಿಗೆ ಮದುವೆಯಾಗಲಿಲ್ಲ. ಪುಸ್ತಕ ಓದಿದರೆ ಗಂಡು ಸಿಗುತ್ತಾನೆಯೆ? ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಆದರೆ ನೆಂಟರ ಮನೆಯ ಮದುವೆಯಲ್ಲಿ ಯಾರಾದರೂ “ಪಾಪ, ಕುಜದೋಷ” ಎಂದರೆ ಮೊದಲಿನಂತೆ ಎದ್ದು ಹೋಗುವುದಿಲ್ಲ. ಎಲೆಯ ಮುಂದೆ ಕೂತೇ, “ಯಾವ ಮನೇಲಿ? ನಿಮ್ಮ ಯಜಮಾನರದ್ದು ಎಷ್ಟನೇ ಮನೇಲಿದೆ?” ಎಂದು ಕೇಳುತ್ತಾಳೆ.

ಪುಸ್ತಕ ಈಗಲೂ ಅವಳ ಹತ್ತಿರವೇ ಇದೆ, ತುಂಬ ಅವಳ ಅಕ್ಷರ. 2006ರಲ್ಲಿ ಖಗೋಳ ವಿಜ್ಞಾನಿಗಳು ಪ್ರಾಗ್ ನಗರದಲ್ಲಿ ಸೇರಿ ಪ್ಲೂಟೊವನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿದಾಗ ಒಂಬತ್ತನ್ನು ಹೊಡೆದು ಎಂಟು ಎಂದು ಬರೆದಳು. ಶನಿಗೆ 17 ಚಂದ್ರರು ಎಂದಿದ್ದ ಕಡೆ ಎಷ್ಟೋ ಸಲ ಹೊಡೆದು ಬರೆದು, ಕೊನೆಗೆ 2025ರ ಮಾರ್ಚ್‌ನಲ್ಲಿ 274 ಎಂದು ಬರೆದಿದ್ದಾಳೆ. ಇನ್ನು ಅಂಚಿನಲ್ಲಿ ಜಾಗವಿಲ್ಲ. ಜಾತಕದಲ್ಲಿ ಹೀಗೆ ತಿದ್ದಲು ಯಾರೂ ಜಾಗ ಬಿಡುವುದಿಲ್ಲ. ಮಂಗಳನ ಪುಟದಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವಿದೆ. 2014ರ ಸೆಪ್ಟೆಂಬರ್ 24ರಂದು ನಮ್ಮ ನೌಕೆ ಮಂಗಳನ ಕಕ್ಷೆ ಸೇರಿದ ದಿನ, ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೇಷ್ಮೆ ಸೀರೆಯುಟ್ಟು ಹೂ ಮುಡಿದ ಹೆಂಗಸರು ನಗುತ್ತಿರುವ ಚಿತ್ರ. ಅವರ ಜಾತಕಗಳಲ್ಲಿ ಕುಜ ಎಲ್ಲೆಲ್ಲಿದ್ದನೋ!

ಈಗ ನನ್ನ ಮಗಳ ಸರದಿ. ಜೋಯಿಸರೂ ಬೇಡ, ಮೊಬೈಲಿನಲ್ಲಿ ಹುಟ್ಟಿದ ಹೊತ್ತು ಒತ್ತಿದರೆ ಕ್ಷಣದಲ್ಲಿ ಕುಜ ಬಂದು ಕೂರುತ್ತಾನೆ. ಹೋದ ತಿಂಗಳು ಗಂಡಿನ ಕಡೆಯವರು ಫೋನ್ ಮಾಡಿ, ನಿಮ್ಮ ಹುಡುಗಿಗೆ ಎಂಟರಲ್ಲಿ ಕುಜ ಬರುತ್ತಲ್ಲಾ ಎಂದರು. ಹೌದು ಎಂದೆ. ಹುಡುಗ ಹುಟ್ಟಿದ ಹೊತ್ತನ್ನೂ ಹೇಳಿ, ಅವನದೂ ನೋಡೋಣ ಎಂದೆ. ಕೇಳಿ ಹೇಳುತ್ತೇವೆ ಎಂದಿದ್ದಾರೆ.