ಪರಾಭವ ಸಂವತ್ಸರದ ಶುಭಾಶಯಗಳು



2026ರ ಮಾರ್ಚ್ 19ರ ಯುಗಾದಿಯಂದು ವಿಶ್ವಾವಸು ಸಂವತ್ಸರ ಮುಗಿದು ಪರಾಭವ ಸಂವತ್ಸರದ ಆರಂಭ. ಪರಾಭವವೆಂದರೆ ಸೋಲು. ಇಂಥ ಹೆಸರಿನ ವರ್ಷಕ್ಕೆ ಶುಭ ಕೋರುವುದಾದರೂ ಹೇಗೆ ಎಂದು ನೆರೆಮನೆಯವರೊಬ್ಬರು ಕೇಳಿದರು. ಮಗಳ ಮದುವೆಯನ್ನು ಈ ವರ್ಷವೇ ಮಾಡಬೇಕೋ, ಮುಂದಿನ ಪ್ಲವಂಗ ಸಂವತ್ಸರದವರೆಗೆ ತಡೆಯಬೇಕೋ ಎಂಬ ಅಳುಕು ಅವರದು. ದಿನ, ವಾರ, ತಿಥಿಗಳಲ್ಲಿ ಒಳ್ಳೆಯದು ಕೆಟ್ಟದ್ದೆಂಬ ಭೇದವನ್ನು ಹನ್ನೆರಡನೆಯ ಶತಮಾನದ ಶರಣರು ಒಪ್ಪಲಿಲ್ಲವೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಆದರೂ ಅಳುಕು ಬಿಡದು. "ನಿಶ್ಚಿಂತೆಯಿಂದ ಮದುವೆ ಮಾಡಿರಿ" ಎಂದು ಹೇಳಿ ಕಳಿಸಿದೆ. ಆದರೆ ಸೋಲಿನ ವಿಷಯದಲ್ಲಿ ನಾನು ಕಲಿತ ಪಾಠವೊಂದಿದೆ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ಶುಭಾಶಯ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಕಳೆದ ಏಳು ತಿಂಗಳು ಈ ಅಂಕಣ ಪ್ರಕಟವಾಗಲಿಲ್ಲ. 'ಅನಿವಾರ್ಯ ಕಾರಣಗಳಿಂದ' ಎಂದು ಸಂಪಾದಕರು ಒಂದು ಸಾಲು ಹಾಕಿ ನನ್ನ ಮರ್ಯಾದೆ ಕಾಯ್ದರು. ನಡೆದದ್ದು ಇಷ್ಟು. ಶ್ರಾವಣದ ಒಂದು ರಾತ್ರಿ ನೀರು ಕುಡಿಯಲೆಂದು ಎದ್ದಾಗ ತಂಬಿಗೆ ಬಲಗೈಯಿಂದ ಜಾರಿ ಬಿತ್ತು. ಕೈ ಮೇಲೇಳಲಿಲ್ಲ. ಅಪರಾತ್ರಿಯಲ್ಲಿ ಮನೆಯವರ ನಿದ್ದೆ ಕೆಡಿಸುವುದೇಕೆ, ಬೆಳಗಾಗಲಿ ಎಂದು ಸುಮ್ಮನೆ ಮಲಗಿದೆ. ಬೆಳಿಗ್ಗೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆರು ತಾಸು ಕಳೆದಿದ್ದವು. ಪಾರ್ಶ್ವವಾಯು ಬಡಿದ ನಾಲ್ಕೂವರೆ ತಾಸಿನೊಳಗೆ ಬಂದಿದ್ದರೆ ಮಿದುಳಿನ ರಕ್ತನಾಳದ ಗಡ್ಡೆಯನ್ನು ಕರಗಿಸುವ ಔಷಧಿ ಕೊಡಬಹುದಿತ್ತು ಎಂದು ವೈದ್ಯರು ಹೇಳಿದರು. ಬಂಧುಗಳೇ, ಮುಖ ಒಂದು ಬದಿಗೆ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ, ದಯವಿಟ್ಟು ಬೆಳಗಿನ ದಾರಿ ಕಾಯಬೇಡಿರಿ. ನಾನು ಕಾದದ್ದು ಸಂಕೋಚದಿಂದ ಎಂದು ಎಲ್ಲರಿಗೂ ಹೇಳಿದೆ. ಅದು ಸಂಕೋಚವಲ್ಲ, ಯಾರಿಗೂ ಭಾರವಾಗಲಾರೆನೆಂಬ ಅಹಂಕಾರವಾಗಿತ್ತು.

ಆ ಅಹಂಕಾರ ಮನೆಗೆ ಬಂದ ಮೇಲೂ ಹೋಗಲಿಲ್ಲ. ಇಷ್ಟಲಿಂಗ ಪೂಜೆಗೆ ಕುಳಿತರೆ ಎಡ ಅಂಗೈಯಲ್ಲಿ ಲಿಂಗವಿದೆ, ವಿಭೂತಿ ಧರಿಸಲು, ಪತ್ರಿ ಏರಿಸಲು ಬಲಗೈ ಇಲ್ಲ. ಐವತ್ತು ವರ್ಷ ಒಂದು ದಿನವೂ ತಪ್ಪದ ಪೂಜೆಯನ್ನು ಹನ್ನೊಂದು ದಿನ ಬಿಟ್ಟೆ. ಮನೆಯಾಕೆ ನೆರವಿಗೆ ಬಂದಾಗ ಸಿಡುಕಿದೆ. ಹನ್ನೆರಡನೆಯ ದಿನ ನಾಲ್ಕನೆಯ ತರಗತಿಯ ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತು, "ಅಜ್ಜಾ, ಪತ್ರಿ ನಾ ಏರಸ್ಲೇನು?" ಎಂದು ಕೇಳಿದಳು. ಬೇಡವೆನ್ನಲು ಬಾಯಿ ಬರಲಿಲ್ಲ. ನನ್ನ ಅಂಗೈಯ ಲಿಂಗಕ್ಕೆ ಅವಳ ಬೆರಳುಗಳು ಪತ್ರಿ ಇಟ್ಟವು. ಅಂದು ಬಹಳ ಹೊತ್ತು ಕಣ್ಣು ತೆರೆಯಲಾಗಲಿಲ್ಲ.

ಅದೇ ದಿನ ಹಳೆಯ ಪತ್ರವೊಂದು ನೆನಪಾಯಿತು. ಮೂರು ವರ್ಷಗಳ ಹಿಂದೆ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಿಂದ ತಾಯಿಯೊಬ್ಬರು ಬರೆದಿದ್ದರು. ಸೊಂಟ ಮುರಿದು ಹಾಸಿಗೆ ಹಿಡಿದವರು. "ಕಾಯಕವಿಲ್ಲದವರಿಗೆ ಬದುಕಿಲ್ಲವೆಂಬಂತೆ ನೀವು ತಿಂಗಳು ತಿಂಗಳೂ ಬರೆಯುತ್ತೀರಿ. ಒಂದು ಚರಿಗೆ ನೀರಿಗೂ ಸೊಸೆಯನ್ನು ಕರೆಯಬೇಕಾದ ನನ್ನಂಥವಳು ಏನು ಮಾಡಬೇಕು?" ಎಂಬುದು ಅವರ ಪ್ರಶ್ನೆ. ಉತ್ತರ ಹೊಳೆಯಲಿಲ್ಲ. ಹೊಳೆಯಲಿಲ್ಲವೆಂದು ಬರೆಯುವ ಧೈರ್ಯವೂ ಬರಲಿಲ್ಲ. ಪತ್ರವನ್ನು ಕಪಾಟಿನಲ್ಲಿ ಸೇರಿಸಿ ಮರೆತೆ. ಮುಂದಿನ ತಿಂಗಳು ಮತ್ತೆ ಕಾಯಕದ ಮೇಲೆಯೇ ಬರೆದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಈ ಪುಟದಲ್ಲಿ ಎಷ್ಟು ಸಲ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಮಾರಯ್ಯನವರು ದಾಸೋಹ ನಡೆಸುತ್ತಿದ್ದರು. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಿರುಗಿಸಲು ಹೇಳಿದರು. ಬೇಡದ್ದನ್ನು ಮುಟ್ಟಬಾರದೆಂಬ ಅರ್ಧವನ್ನಷ್ಟೇ ನಾನು ಹೇಳುತ್ತ ಬಂದೆ. ಅಂದಂದಿಗೆ ಬೇಕಾದಷ್ಟನ್ನು ಆ ದಂಪತಿಗಳು ನಾಚಿಕೆಯಿಲ್ಲದೆ ಇನ್ನೊಬ್ಬರ ಅಂಗಳದಿಂದಲೇ ತಂದರೆಂಬ ಇನ್ನರ್ಧ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೇಕಾದದ್ದನ್ನು ಬಾಗಿ ತೆಗೆದುಕೊಳ್ಳುವುದು ಸೋಲಲ್ಲ. ತೆಗೆದುಕೊಳ್ಳುವ ಕೈಯೇ ಇಲ್ಲದಿದ್ದರೆ ದಾಸೋಹ ಎಲ್ಲಿಯದು?

ಹಿಂದಿನ ಪರಾಭವ ಸಂವತ್ಸರ ಬಂದದ್ದು 1966ರಲ್ಲಿ. ನಾನಾಗ ಒಂದನೆಯ ಇಯತ್ತೆಯ ಹುಡುಗ. ಮಳೆ ಕೈಕೊಟ್ಟಿತ್ತು. ಜೂನ್ 6ರಂದು ರೂಪಾಯಿಯ ಬೆಲೆಯನ್ನು ಇಳಿಸಲಾಯಿತು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರಿಗೆ 7 ರೂಪಾಯಿ 50 ಪೈಸೆ ತೆರಬೇಕಾಯಿತು. ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿಯನ್ನು ದೇಶ ಉಣ್ಣುತ್ತಿತ್ತು. ಪಡಿತರದ ಚೀಲ ಹೊತ್ತು ತರುವಾಗ ಅಪ್ಪ ತಲೆ ತಗ್ಗಿಸಿಯೇ ನಡೆಯುತ್ತಿದ್ದರು. ಆದರೆ ಅದೇ ವರ್ಷ ಮೆಕ್ಸಿಕೋ ದೇಶದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜವೂ ಬಂದಿತು. 1968ರ ಸುಗ್ಗಿಯಲ್ಲಿ ಸುಮಾರು 1 ಕೋಟಿ 70 ಲಕ್ಷ ಟನ್ ಗೋಧಿ ಬೆಳೆದು, ಸರಕಾರ ಗೋಧಿಯ ಕ್ರಾಂತಿಯ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಇನ್ನೊಬ್ಬರ ಕಾಳಿಗೆ ಕೈಯೊಡ್ಡಿದ ವರ್ಷವೇ ಬೀಜವೂ ಕೈಗೆ ಬಂದಿತ್ತು.

ನನ್ನ ಸಮಾಚಾರ ಹೇಳಿ ಮುಗಿಸುತ್ತೇನೆ. ಬಲಗೈ ಈಗ ಭುಜದ ಮಟ್ಟಕ್ಕೆ ಏಳುತ್ತದೆ. ಬೆರಳುಗಳು ಇನ್ನೂ ಮಾತು ಕೇಳುತ್ತಿಲ್ಲ. ದಿನವೂ ತಟ್ಟೆಯಲ್ಲಿ ಹುರುಳಿಕಾಳು ಹರಡಿ ಒಂದೊಂದನ್ನೇ ಆಯುವ ಅಭ್ಯಾಸ ಮಾಡುತ್ತಿದ್ದೇನೆ. ಮಾರಯ್ಯನವರ ಕಾಯಕದ ಕಷ್ಟ ಎಷ್ಟೆಂಬುದು ಈಗ ತಿಳಿಯುತ್ತಿದೆ. ಈ ಲೇಖನವನ್ನು ನಾನು ಹೇಳುತ್ತ ಹೋದಂತೆ ಸೊಸೆ ಬರೆದುಕೊಂಡಿದ್ದಾಳೆ. ಇನ್ನು ಮುಂದೆಯೂ ಅವಳೇ ಬರೆಯುವಳು. ನೀವು ಕಳುಹಿಸಿದ ಪತ್ರಗಳಿಗೆ ಉತ್ತರ ತಡವಾದೀತು, ತಪ್ಪಲಾರದು.

ಆ ತಾಯಿಗೆ ಪುಷ್ಯ ಮಾಸದಲ್ಲಿ ಎಡಗೈಯಿಂದಲೇ ನಾಲ್ಕು ಸಾಲು ಬರೆದು ಹಾಕಿದೆ. ಮರುಪತ್ರ ಬಂದಿಲ್ಲ. ಅವರ ಮನೆಗೆ ಈ ಪತ್ರಿಕೆ ಇನ್ನೂ ಬರುತ್ತಿದ್ದರೆ ಯಾರಾದರೂ ಇದನ್ನು ಅವರಿಗೆ ಓದಿ ಹೇಳಿರಿ: ತಾಯಿ, ನಿಮ್ಮ ಪ್ರಶ್ನೆ ಸರಿಯಾಗಿತ್ತು, ನನ್ನ ಬರಹ ಅರ್ಧವಾಗಿತ್ತು. ಸೊಸೆ ತಂದುಕೊಟ್ಟ ನೀರನ್ನು ಸಂತೋಷದಿಂದ ಕುಡಿಯಿರಿ.

ಯುಗಾದಿಯ ದಿನ ಹೋಳಿಗೆಗೆ ಮೊದಲು ಬೇವು ಬೆಲ್ಲವನ್ನು ಹಾಸಿಗೆ ಹಿಡಿದ ಹಿರಿಯರ ಬಾಯಿಗೆ ಕೊಡಿರಿ. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಪರಾಭವ ಸಂವತ್ಸರವು ಶುಭವನ್ನು ತರಲಿ.

ಶರಣು ಶರಣಾರ್ಥಿ.